ಮುಚ್ಚಿದ ವಾಲ್ವ್ ಸದ್ದು ಮಾಡುವುದಿಲ್ಲ

‘ಮೇಷ್ಟ್ರಿಗೆ ಮರೆವು ಶುರುವಾಗಿತ್ತು. ಬಿಯರ್ ಪೀಪಾಯಿಯ ವಾಲ್ವನ್ನು ಬಿಗಿಯಾಗಿ ಮುಚ್ಚಿ ಮರೆತೇಬಿಟ್ಟರು. ಅದು ಸುಸ್ ಅಂತ ಸದ್ದು ಮಾಡ್ತಾ ಇತ್ತಂತೆ. ಮಗಳು ಹತ್ತಿರ ಹೋಗೋದೇ ತಡ, ಢಮಾರ್ ಅಂತ ಸಿಡಿಯಿತಂತೆ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಅದಕ್ಕೇ ಅವಳು ಅವರನ್ನ ರುಂಡಾಕ್ಕೆ ಕರ್ಕೊಂಡು ಹೋಗಿದ್ದು.’

ನೈರೋಬಿಯಲ್ಲಿರುವ ನಮ್ಮ ಕನ್ನಡಿಗರ ನಡುವೆ ಈ ಕಥೆ ಈಗ ಗಟ್ಟಿಯಾಗಿ ನೆಲೆಯೂರಿದೆ. ಯುಗಾದಿ ಊಟದ ಸಾಲಿನಲ್ಲಿ ನನ್ನ ಪಕ್ಕ ಕುಳಿತ ಔಷಧ ಕಾರ್ಖಾನೆಯ ಮ್ಯಾನೇಜರರೊಬ್ಬರು ಇದನ್ನು ನನಗೇ ಹೇಳಿದರು. ಅವರ ಕಥೆಯಲ್ಲಿ ಕಿಟಕಿಯ ಗಾಜು ಒಡೆದಿತ್ತು. ಇನ್ನೊಬ್ಬರ ಕಥೆಯಲ್ಲಿ ಪೀಪಾಯಿಯ ಮುಚ್ಚಳ ಸೂರಿಗೆ ಹೋಗಿ ನೆಟ್ಟುಕೊಂಡಿತ್ತು. ಪಾಯಸ ಬರುವವರೆಗೂ ನಾನು ಸುಮ್ಮನೆ ಕೇಳಿಸಿಕೊಂಡೆ. ಆಮೇಲೆ ಒಂದೇ ಪ್ರಶ್ನೆ ಕೇಳಿದೆ: ‘ವಾಲ್ವ್ ಮುಚ್ಚಿದ್ದರೆ ಸುಸ್ ಎಂದದ್ದು ಯಾವುದು, ಸ್ವಾಮಿ?’

ಅವರು ನಕ್ಕು, ‘ನೀವು ಬಾಯ್ಲರ್ ಜನ, ನಿಮಗೆ ಎಲ್ಲದಕ್ಕೂ ಲೆಕ್ಕ ಬೇಕು’ ಎಂದರು.

ಬೇಕು. ನಾನು ಓದಿದ್ದು ಹತ್ತನೆಯ ತರಗತಿ. ಉಳಿದದ್ದನ್ನು ಗ್ರಂಥಾಲಯದಿಂದ ತಂದ ಪುಸ್ತಕಗಳಿಂದಲೂ ಕಾರ್ಖಾನೆಯ ಉಗಿಯಂತ್ರಗಳ ಪಕ್ಕದಲ್ಲಿ ನಿಂತೂ ಕಲಿತೆ. ಈ ಊರಿನ ಎಣ್ಣೆ ಗಿರಣಿಯೊಂದರಲ್ಲಿ ನನ್ನ ದುಡಿಮೆಯ ಕಾಲವೆಲ್ಲ ಒತ್ತಡದ ಮುಳ್ಳನ್ನು ನೋಡುವುದರಲ್ಲೇ ಕಳೆಯಿತು. ಹಾಗೆ ಕಳೆದವನಿಗೆ ಒಂದು ಸತ್ಯ ಮೈಗೂಡಿರುತ್ತದೆ: ಒತ್ತಡವನ್ನು ಹೊರಬಿಡುತ್ತಿರುವ ವಾಲ್ವ್ ಮಾತ್ರ ಸದ್ದು ಮಾಡುತ್ತದೆ. ಮುಚ್ಚಿದ್ದು ಮಾಡುವುದಿಲ್ಲ. ಅಂದರೆ ಜನ ಹೇಳುವ ಕಥೆ ತನ್ನನ್ನು ತಾನೇ ಸುಳ್ಳು ಮಾಡುತ್ತಿದೆ. ಆ ದಿನ ಆ ಮನೆಯಲ್ಲಿ ಇದ್ದವರು ಮೂವರು: ಮೇಷ್ಟ್ರು, ಅವರ ಮಗಳು, ನಾನು. ಇಷ್ಟು ದಿನ ನಾನು ಬಾಯಿಬಿಡದಿರಲು ಕಾರಣವಿತ್ತು. ಈಗ ಆ ಕಾರಣವಿಲ್ಲ.

ಮೇಷ್ಟ್ರು ಮಂಗಳೂರಿನ ಕಡೆಯ ಕ್ರೈಸ್ತರು. ಇಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ರಿವರ್‌ಸೈಡಿನ ಹಳೆಯ ಬಾಡಿಗೆ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಸುತ್ತ ಕಚೇರಿಗಳೂ ರಾಯಭಾರಿಗಳ ಕಟ್ಟಡಗಳೂ ಎದ್ದಿದ್ದವು. ಅವರ ಬಾಲ್ಕನಿಯ ಮುಂದೆ ಮಾತ್ರ ಒಂದು ಜಕರಂಡ ಮರ ಉಳಿದಿತ್ತು. ಮಗಳಿಗೆ ಗಿಗಿರಿಯಲ್ಲಿ ಕೆಲಸ, ರುಂಡಾದಲ್ಲಿ ಮನೆ. ಅವಳು ಇಲ್ಲೇ ಹುಟ್ಟಿ ಬೆಳೆದವಳು. ತಂದೆ ಕನ್ನಡದಲ್ಲೋ ಕೊಂಕಣಿಯಲ್ಲೋ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ನನ್ನೊಂದಿಗೆ ಮಾತ್ರ ಹಟಕ್ಕೆ ಬಿದ್ದವಳಂತೆ ಕನ್ನಡ ಆಡುತ್ತಿದ್ದಳು.

ಬಿಯರ್ ಮಾಡುವ ಹುಚ್ಚನ್ನು ಮೊದಲು ಹಚ್ಚಿಕೊಂಡವರು ಮೇಷ್ಟ್ರು. ನಾನು ವಾಲ್ವಿನ ನೆಪದಲ್ಲಿ ಸೇರಿಕೊಂಡೆ. ನನ್ನ ಹೆಂಡತಿ ಅದನ್ನು ಕೊನೆಯವರೆಗೂ ಬಿಯರ್ ಎಂದು ಕರೆಯಲಿಲ್ಲ. ಡಬ್ಬಿಯಲ್ಲಿ ಚಕ್ಕುಲಿ ತುಂಬಿಕೊಡುತ್ತಾ, ‘ನಿಮ್ಮ ಪಾನಕ ಆಯ್ತಾ?’ ಎಂದು ಕೇಳುತ್ತಿದ್ದಳು.

ಮನೆಯಲ್ಲಿ ಬಿಯರ್ ಮಾಡುವವರ ಸಾಮಾನ್ಯ ಪದ್ಧತಿಯೇ ನಮಗೆ ಮೊದಲ ತಕರಾರಿನ ವಿಷಯವಾಯಿತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿರಸವನ್ನು ಹುದುಗು ತಿನ್ನುತ್ತದೆ. ತಿಂದು ಮದ್ಯವನ್ನೂ ಅನಿಲವನ್ನೂ ಬಿಡುತ್ತದೆ. ಬಹುಪಾಲು ಜನ ಆ ಅನಿಲವನ್ನೆಲ್ಲ ಗಾಳಿಗೆ ಹೋಗಲು ಬಿಟ್ಟು, ಎಲ್ಲ ಮುಗಿದ ಮೇಲೆ ಬಾಟಲಿಗೆ ಸಕ್ಕರೆ ಹಾಕಿಯೋ ಸಿಲಿಂಡರಿನಿಂದ ಅದೇ ಅನಿಲವನ್ನು ಕೊಂಡು ತಂದೋ ಮತ್ತೆ ನೊರೆ ತುಂಬುತ್ತಾರೆ. ‘ಇದು ಯಾವ ನ್ಯಾಯ ಮಾರಾಯ್ರೆ? ಮನೆಯ ಬಾವಿ ನೀರನ್ನು ಚರಂಡಿಗೆ ಬಿಟ್ಟು ಅಂಗಡಿಯಿಂದ ಬಾಟಲಿ ತಂದ ಹಾಗೆ’ ಎಂದರು ಮೇಷ್ಟ್ರು. ರಸದಲ್ಲಿ ಸ್ವಲ್ಪ ಸಕ್ಕರೆ ಇನ್ನೂ ಉಳಿದಿರುವಾಗಲೇ ಉಕ್ಕಿನ ಪೀಪಾಯಿಯನ್ನು ಮುಚ್ಚಿಬಿಟ್ಟರೆ ಹುದುಗಿನ ಕೊನೆಯ ಉಸಿರು ಹೊರಹೋಗಲಾರದೆ ಬಿಯರಿನಲ್ಲೇ ಕರಗುತ್ತದೆ. ಮಿತಿ ಮೀರಿದ್ದನ್ನು ಮಾತ್ರ ಹೊರಬಿಡಲು ಮುಚ್ಚಳದ ಮೇಲೊಂದು ವಾಲ್ವ್, ಅದರ ಪಕ್ಕ ಒತ್ತಡ ತೋರಿಸುವ ಮುಳ್ಳು. ಎಷ್ಟಕ್ಕೆ ಬಿಡಬೇಕೆಂದು ವಾಲ್ವಿನ ತಿರುಪಣಿ ತಿರುಗಿಸಿ ನಿಲ್ಲಿಸಬಹುದು. ಇದಲ್ಲದೆ, ಎಲ್ಲವೂ ಕೈಮೀರಿದರೆ ಇರಲೆಂದು ಮುಚ್ಚಳದಲ್ಲೇ ಒಂದು ಉಂಗುರವಿರುತ್ತದೆ. ಅದನ್ನು ಎಳೆದರೆ ಒಳಗಿನ ಒತ್ತಡವೆಲ್ಲ ಒಮ್ಮೆಲೇ ಹೊರಗೆ. ಈ ಉಂಗುರವನ್ನು ಓದುಗರು ನೆನಪಿನಲ್ಲಿಡಬೇಕು.

ಯಾವ ಬಿಸಿಯಲ್ಲಿ ಎಷ್ಟು ಒತ್ತಡವಿರಬೇಕು ಎಂಬುದಕ್ಕೆ ಅಚ್ಚಾದ ಕೋಷ್ಟಕಗಳಿವೆ. ನಾವು ಅದನ್ನು ಅಕ್ಷರಶಃ ಪಾಲಿಸಿದೆವು. ತೀರಿಹೋದ ತಮ್ಮ ಹೆಂಡತಿ ಬಿಟ್ಟುಹೋಗಿದ್ದ ಕೆಂಪು ಉಗುರುಬಣ್ಣದ ಸೀಸೆಯಿಂದ ಮೇಷ್ಟ್ರು ವಾಲ್ವಿನ ಮೇಲೆ ಕೋಷ್ಟಕದ ಗುರುತನ್ನು ಗೀಟೆಳೆದು ಹಾಕಿದರು. ಬಿಯರ್ ಮಾತ್ರ ಪ್ರತಿ ಸಲವೂ ಸಪ್ಪೆ. ಲೋಟಕ್ಕೆ ಸುರಿದರೆ ನೊರೆ ಏಳುತ್ತಿತ್ತು, ಏಳುತ್ತಿದ್ದಂತೆಯೇ ನಾಚಿಕೊಂಡು ಕೂರುತ್ತಿತ್ತು. ನಾನು ರಬ್ಬರಿನ ವಾಷರನ್ನು ಬೈದೆ. ಅವರು ಹುದುಗನ್ನು ಬೈದರು. ಒಮ್ಮೆ ಬಾರ್ಲಿಯ ಜೊತೆ ಇಲ್ಲಿನ ಮಾರುಕಟ್ಟೆಯ ವಿಂಬಿಯನ್ನು, ಅಂದರೆ ನಮ್ಮ ರಾಗಿಯನ್ನೇ, ಮೊಳಕೆ ಬರಿಸಿ ಸೇರಿಸಿದೆವು. ಬಣ್ಣ ಚೆಲುವಾಯಿತು, ನೊರೆ ಹಾಗೇ ಉಳಿಯಿತು.

ಇದೇ ಕಾಲದಲ್ಲಿ ಇನ್ನೊಂದು ವಿಷಯವೂ ನಡೆಯುತ್ತಿತ್ತು. ಮೇಷ್ಟ್ರು ಸಣ್ಣಪುಟ್ಟದ್ದನ್ನು ಮರೆಯತೊಡಗಿದ್ದರು. ನಲ್ಲಿ ಬಿಟ್ಟು ಬಂದರು. ಒಂದು ಬೆಳಿಗ್ಗೆ ಪಾಠಕ್ಕೆಂದು ಮಟಾಟು ವ್ಯಾನು ಹತ್ತಿ ತಮ್ಮ ಹಳೆಯ ಶಾಲೆಯ ಗೇಟಿನವರೆಗೆ ಹೋದರು, ಅಲ್ಲಿನ ಕಾವಲುಗಾರ ಗುರುತಿಸಿ ಚಹಾ ಕುಡಿಸಿ ಕಳಿಸಿದ. ಮಗಳು ಅವರನ್ನು ತನ್ನ ಮನೆಗೆ ಬಂದಿರಲು ಕೇಳುತ್ತಲೇ ಇದ್ದಳು. ಅವರ ಉತ್ತರ ಒಂದೇ: ‘ನನ್ನ ಮನೆಯ ಬೀಗದ ಕೈ ನನ್ನ ಕಿಸೆಯಲ್ಲಿ ಇರಲಿ. ಉಳಿದದ್ದು ನೋಡುವ.’ ಅವಳು ಬಲವಂತ ಮಾಡುವವಳಲ್ಲ. ಆದರೆ ಒಮ್ಮೆ ನನ್ನನ್ನು ಕಾರಿನ ತನಕ ಕರೆದುಕೊಂಡು ಹೋಗಿ ಕೇಳಿದಳು:

‘ಅಂಕಲ್, ನಿಜ ಹೇಳಿ. ಪಪ್ಪಾ ಅಲೋನ್ ಇರೋದು ಸೇಫಾ?’

‘ಸೇಫು’ ಎಂದೆ.

‘ಒಂದು ದಿನ ಇಲ್ಲ ಅಂತ ಅನಿಸಿದ್ರೆ ನನಗೆ ಹೇಳ್ತೀರಾ?’

ಹೇಳುತ್ತೇನೆಂದು ಮಾತು ಕೊಟ್ಟೆ. ಹೀಗೆ ಮೇಷ್ಟ್ರ ಮನೆ ಅವರ ಕೈಯಲ್ಲಿ ಉಳಿಯುವುದೂ ಬಿಡುವುದೂ ಅವರ ಮುಂದಿನ ಮರೆವಿನ ಮೇಲೆ ನಿಂತಿತು. ಅದು ಅವರಿಗೂ ಗೊತ್ತಿತ್ತು.

ಆ ಶಾಲಾ ರಜೆಯಲ್ಲಿ ಮಗಳು ಮಕ್ಕಳೊಂದಿಗೆ ಮೊಂಬಾಸಾಕ್ಕೆ ಹೋಗಿಬಂದು, ತಂದೆಗೆಂದು ಮರಗೆಣಸಿನ ಚಿಪ್ಸಿನ ಒಂದು ಪೊಟ್ಟಣ ಕೊಟ್ಟುಹೋದಳು. ಮರುದಿನ ನಾನು ಹೋದಾಗ ಮೇಷ್ಟ್ರು ಅದನ್ನು ಮೇಜಿನ ನಡುವೆ ಇಟ್ಟುಕೊಂಡು, ಪೂಜೆಗೆ ಕುಳಿತವರಂತೆ ನೋಡುತ್ತಿದ್ದರು. ಪೊಟ್ಟಣ ದಿಂಬಿನಂತೆ ಊದಿಕೊಂಡಿತ್ತು.

‘ಇದಕ್ಕೆ ಯಾಕೆ ಹೊಟ್ಟೆ ಉಬ್ಬರ, ಹೇಳಿ ನೋಡುವ’ ಎಂದರು.

‘ಹಾಳಾಗಿರಬೇಕು.’

‘ಥೂ, ಬಾಯ್ಲರಿನವರಾಗಿ ಹೀಗೆ ಹೇಳ್ತೀರಲ್ಲ. ಪ್ಯಾಕು ಮಾಡಿದ್ದು ಸಮುದ್ರದ ಮಟ್ಟದಲ್ಲಿ. ತಂದದ್ದು ಬೆಟ್ಟದ ಮೇಲಕ್ಕೆ. ಒಳಗಿನ ಗಾಳಿ ಅಲ್ಲಿಯದ್ದು, ಹೊರಗಿನ ಗಾಳಿ ಇಲ್ಲಿಯದ್ದು. ಇಲ್ಲಿಯ ಗಾಳಿ ತೆಳು, ಒತ್ತುವ ಶಕ್ತಿ ಸಾಲದು.’ ಆಮೇಲೆ ಪೀಪಾಯಿಯ ಕಡೆ ಬೆರಳು ತೋರಿಸಿದರು. ‘ನಮ್ಮ ಮುಳ್ಳು ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚು ಅಂತ ಮಾತ್ರ. ಕೋಷ್ಟಕ ಬರೆದವ ಕಡಲಿನ ಹತ್ತಿರ ಕೂತು ಬರೆದಿದ್ದಾನೆ. ಅವನ ಹೊರಗಿನ ಗಾಳಿಯೇ ದಪ್ಪ. ಅದೇ ಗೀಟಿನಲ್ಲಿ ನಮ್ಮ ಪೀಪಾಯಿಯ ಒಟ್ಟು ಒತ್ತಡ ಕಮ್ಮಿ, ಅನಿಲ ಕರಗುವುದೂ ಕಮ್ಮಿ. ನಾವು ಇಷ್ಟು ದಿನ ಅವನ ಲೆಕ್ಕಕ್ಕೆ ನಮ್ಮ ಬಿಯರು ಮಾಡಿದ್ದು.’

ನಾನು ಕುರ್ಚಿಗೆ ಒರಗಿ ಕುಳಿತೆ. ಗಾಳಿ ತೆಳುವಾದ ಈ ಎತ್ತರದಲ್ಲಿ ತೊಗರಿಬೇಳೆ ಕುಕ್ಕರ್ ಇಲ್ಲದೆ ಬೇಯುವುದಿಲ್ಲವೆಂದು ಈ ಊರಿನ ಪ್ರತಿ ಕನ್ನಡದ ಅಡುಗೆಮನೆಗೂ ಗೊತ್ತು. ಗೊತ್ತಿದ್ದೂ ಆ ಅರಿವನ್ನು ಒಲೆಯಿಂದ ನಾಲ್ಕು ಹೆಜ್ಜೆ ಆಚೆಗಿದ್ದ ಪೀಪಾಯಿಯವರೆಗೆ ನಾನು ಒಯ್ದಿರಲಿಲ್ಲ. ಅಚ್ಚಾದದ್ದನ್ನೆಲ್ಲ ಅನುಮಾನಿಸುವೆನೆಂದು ಹೇಳಿಕೊಳ್ಳುವ ನಾನು ಅಚ್ಚಾದ ಆ ಕೋಷ್ಟಕವನ್ನು ನಂಬಿ ವಾಷರನ್ನು ಬೈಯುತ್ತಿದ್ದೆ. ಇದನ್ನು ಕಂಡದ್ದು, ಎಲ್ಲರೂ ಮರೆಗುಳಿ ಎನ್ನುತ್ತಿದ್ದ ತಲೆ.

ಲೆಕ್ಕ ಹಾಕಿದರು. ಕೋಷ್ಟಕಕ್ಕಿಂತ ಚದರ ಅಂಗುಲಕ್ಕೆ ಸುಮಾರು ಎರಡೂವರೆ ಪೌಂಡು ಒತ್ತಡ ಹೆಚ್ಚು ಬೇಕಾಗಿತ್ತು. ಉಗುರುಬಣ್ಣದಿಂದ ಹಳೆಯ ಗೀಟಿನ ಪಕ್ಕ ಹೊಸ ಗೀಟು ಎಳೆದರು. ಮುಂದಿನ ಬಿಯರನ್ನು ಪೀಪಾಯಿಗೆ ತುಂಬುವಾಗ ಆಸೆಯಿಂದ ಕಂಠದವರೆಗೂ ತುಂಬಿದೆವು. ವಾಲ್ವನ್ನು ಹೊಸ ಗೀಟಿಗೆ ತಿರುಗಿಸಿ ನಿಲ್ಲಿಸಿದ್ದು ಮೇಷ್ಟ್ರು. ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ.

ಕೆಲವು ದಿನಗಳ ನಂತರ, ಒಂದು ಭಾನುವಾರದ ಮಧ್ಯಾಹ್ನ, ನಾವಿಬ್ಬರೂ ಬಾಲ್ಕನಿಯಲ್ಲಿದ್ದೆವು. ಒತ್ತಡ ಹೊಸ ಗೀಟನ್ನು ಮುಟ್ಟಿ, ವಾಲ್ವ್ ತನ್ನ ಕೆಲಸ ಶುರುಮಾಡಿ, ಅಡುಗೆಮನೆಯಿಂದ ಸಣ್ಣಗೆ ಸುಸ್ ಎನ್ನುತ್ತಿತ್ತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು, ‘ಕೇಳಿ, ಉಸಿರಾಡ್ತಾ ಉಂಟು’ ಎಂದರು. ಮಗಳು ಬರುತ್ತಾಳೆಂದು ಗೊತ್ತಿತ್ತು. ತನ್ನಲ್ಲಿದ್ದ ಕೀಲಿಯಿಂದ ಬಾಗಿಲು ತೆರೆದು ಒಳಗೆ ಬಂದದ್ದು ಮಾತ್ರ ನಮಗೆ ಕೇಳಿಸಲಿಲ್ಲ. ಅವಳ ಕಿವಿಗೆ ಬಿದ್ದದ್ದು ಅಡುಗೆಮನೆಯ ಸುಸ್ ಶಬ್ದ. ಕಣ್ಣಿಗೆ ಬಿದ್ದದ್ದು ಒಲೆಯ ಪಕ್ಕದ ಗ್ಯಾಸ್ ಸಿಲಿಂಡರು. ಮನಸ್ಸಿನಲ್ಲಿದ್ದದ್ದು ತಂದೆಯ ಮರೆವು. ಗ್ಯಾಸ್ ಸೋರುತ್ತಿದೆ ಎಂದುಕೊಂಡಳು. ಸಿಲಿಂಡರಿನ ತಿರುಪು ಬಂದ್ ಮಾಡಿದಳು, ಸದ್ದು ನಿಲ್ಲಲಿಲ್ಲ. ಪೀಪಾಯಿಯಿಂದ ಬರುತ್ತಿದೆ ಎಂದು ಕಂಡು, ಅದನ್ನು ನಿಲ್ಲಿಸಲು ಕೈಗೆ ಮೊದಲು ಸಿಕ್ಕಿದ್ದನ್ನು ಹಿಡಿದೆಳೆದಳು. ಸಿಕ್ಕಿದ್ದು ಉಂಗುರ.

ಕಂಠದವರೆಗೆ ತುಂಬಿದ, ತಂಪಾಗಿಸದ ಬಿಯರಿನ ಒತ್ತಡವನ್ನು ಒಮ್ಮೆಲೇ ಬಿಟ್ಟರೆ ಏನಾಗುತ್ತದೆಂದು ಸೋಡಾ ಬಾಟಲಿ ಕುಲುಕಿ ತೆಗೆದವರಿಗೆ ಹೇಳಬೇಕಾಗಿಲ್ಲ. ನಾವು ಓಡಿ ಬಂದಾಗ ಕಂದು ನೊರೆಯ ಕಾರಂಜಿ ಸೂರನ್ನು ಮುಟ್ಟಿ ಕೆಳಗೆ ಸುರಿಯುತ್ತಿತ್ತು. ಅವಳ ಕೂದಲು, ಮುಖ, ಚರ್ಚಿಗೆ ಉಟ್ಟ ಬಟ್ಟೆ ಎಲ್ಲವೂ ತೊಯ್ದಿತ್ತು. ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು.

‘ಪಪ್ಪಾ, ಐ ಥಾಟ್ ಗ್ಯಾಸ್... ಐ ಜಸ್ಟ್ ಟಚ್ಡ್ ಇಟ್... ವಾಟ್ ಡಿಡ್ ಐ ಡೂ?’

ಮೇಷ್ಟ್ರು ಪೀಪಾಯಿಯನ್ನು ನೋಡಿದರು. ಉಂಗುರ ಮೇಲೆ ಎದ್ದು ನಿಂತಿತ್ತು. ಅವರಿಗೆ ಎಲ್ಲವೂ ಅರ್ಥವಾಯಿತೆಂದು ನನಗೆ ಅರ್ಥವಾಯಿತು. ಅವರು ಟವಲು ತಂದು ಮಗಳ ತಲೆಯ ಮೇಲೆ ಹೊದಿಸಿ, ಸ್ನಾನ ಮಾಡಿಸಿದ ಮಗುವಿಗೆ ಒರೆಸುವಂತೆ ಒರೆಸುತ್ತ ಹೇಳಿದರು:

‘ನೀನು ಏನೂ ಮಾಡಲಿಲ್ಲ ಮಗಾ. ನಾನು ವಾಲ್ವ್ ಬಂದ್ ಮಾಡಿ ಮರೆತೆ. ನಂದೇ ತಪ್ಪು.’

ನಾನು ಬಾಯಿ ತೆರೆದೆ. ಅವರು ಟವಲಿನ ಮೇಲಿಂದ ನನ್ನನ್ನು ಒಮ್ಮೆ ನೋಡಿದರು. ಬಾಯಿ ಮುಚ್ಚಿದೆ. ನನ್ನನ್ನು ನೋಡುತ್ತಲೇ ಅವರು ಮತ್ತೊಂದು ಕೈಯಿಂದ ಆ ಉಂಗುರವನ್ನು ಮೆಲ್ಲಗೆ ಕೆಳಗೆ ಒತ್ತಿ ಕೂರಿಸಿದರು.

ಮಗಳು ಮುಖ ತೊಳೆಯಲು ಹೋದಾಗ ನಾನು ನೆಲ ಒರೆಸುತ್ತ ತಡೆಯಲಾರದೆ ಕೇಳಿದೆ. ‘ಯಾಕೆ ಸುಳ್ಳು ಹೇಳಿದಿರಿ? ವಾಲ್ವ್ ಸರಿಯಾಗೇ ಇದೆ. ನೋಡಿ, ಗೀಟಿನ ಮೇಲೇ ನಿಂತಿದೆ.’

‘ನೋಡಿದೆ.’

‘ಈ ಒಂದು ಮಾತಿಗೆ ನಿಮ್ಮ ಮನೆ ಹೋಗುತ್ತೆ ಕಣ್ರೀ. ಗೊತ್ತಿದೆಯಾ?’

‘ಹೋಗ್ಲಿ’ ಎಂದರು. ‘ಮನೆ ಬಾಡಿಗೆಯದ್ದು ಮಾರಾಯ್ರೆ. ಮಗಳು ಸ್ವಂತದ್ದು.’ ಸೂರಿನಿಂದ ತೊಟ್ಟಿಕ್ಕುತ್ತಿದ್ದ ಕಡೆಗೆ ಬಕೆಟ್ಟು ಸರಿಸಿ, ‘ಅವಳ ಅಮ್ಮನ ಕಾಯಿಲೆಯಲ್ಲಿ ಆಸ್ಪತ್ರೆ, ಕೆಲಸ, ಮಕ್ಕಳು, ಎಲ್ಲ ಅವಳೇ ನೋಡಿದ್ದು. ಒಂದು ಸಲ ಔಷಧಿ ಕೊಡುವಾಗ ತಡವಾಯಿತು ಅಂತ ಇವತ್ತಿಗೂ ತನ್ನನ್ನು ತಾನು ಬೈದುಕೊಳ್ತಾಳೆ. ಅದಕ್ಕೂ ಸಾವಿಗೂ ಸಂಬಂಧ ಇಲ್ಲ ಅಂತ ಡಾಕ್ಟರು ಹೇಳಿದರೂ ಕೇಳುವುದಿಲ್ಲ. ಇನ್ನು ಈ ಪೀಪಾಯಿಯೂ ಅವಳ ತಲೆಗೆ ಯಾಕೆ? ನನಗೆ ಹೇಗೂ ಮರೆಗುಳಿ ಅಂತ ಹೆಸರುಂಟು. ಒಂದು ಸೇರಿದರೆ ಭಾರ ಆಗುವುದಿಲ್ಲ.’ ಎಂದರು. ಕೊನೆಗೆ, ‘ನೀವು ಹೇಳಬಾರದು’ ಎಂದು ಕೈ ಚಾಚಿದರು. ನನ್ನ ಕೈ ಅಂಟಂಟಾಗಿತ್ತು, ಆದರೂ ಕೊಟ್ಟೆ.

ಪೀಪಾಯಿಯ ತಳದಲ್ಲಿ ಸ್ವಲ್ಪ ಬಿಯರ್ ಉಳಿದಿತ್ತು. ಅವಳು ಹೋದ ಮೇಲೆ ಅರ್ಧರ್ಧ ಲೋಟ ಕುಡಿದೆವು. ನೊರೆ ಬೆಳ್ಳಗೆ, ಸಣ್ಣಗೆ, ಲೋಟದ ಅಂಚಿಗೆ ಅಂಟಿಕೊಂಡು ಕೊನೆಯ ಗುಟುಕಿನವರೆಗೂ ಉಳಿಯಿತು. ಅಷ್ಟೆಲ್ಲ ಅನಿಲ ಸೂರಿಗೆ ಹೋದ ಮೇಲೂ ಹಾಗೆ. ಮೇಷ್ಟ್ರ ಲೆಕ್ಕ ಸರಿಯಾಗಿತ್ತು.

ಅವರು ರುಂಡಾಕ್ಕೆ ಹೋದರು. ಕೀಲಿಯನ್ನು ಫ್ಲ್ಯಾಟಿನ ಮಾಲೀಕರಿಗೆ ಒಪ್ಪಿಸುವಾಗ ನಾನೂ ಜೊತೆಗಿದ್ದೆ. ಆಮೇಲೆ ಕಾರಿನಲ್ಲಿ ಅವರ ಕೈ ಎರಡು ಮೂರು ಸಲ ಕಿಸೆಯನ್ನು ಮುಟ್ಟಿ ನೋಡಿಕೊಂಡಿತು. ಪೀಪಾಯಿಯನ್ನೂ ಮಗಳು ಬೇಡವೆನ್ನದೆ ಒಯ್ದು ಉಗ್ರಾಣದ ಕೋಣೆಯಲ್ಲಿ ಇರಿಸಿದಳು. ಆದರೆ ಬಹಳ ಕಾಲ ಅದರ ಹತ್ತಿರ ಹೋಗಲಿಲ್ಲ. ಕೇಳಿದವರಿಗೆಲ್ಲ ತಂದೆ ಹೇಳಿದ್ದನ್ನೇ ಹೇಳಿದಳು. ಅವಳಿಗೆ ಅದೇ ಸತ್ಯವಾಗಿತ್ತು. ಜನ ಅದಕ್ಕೆ ಗಾಜು, ಮುಚ್ಚಳ ಸೇರಿಸಿದರು.

ನಾನು ಮಾತು ಉಳಿಸಿಕೊಂಡೆ. ಅವಳಿಗೆ ಹಿಂದೆ ಕೊಟ್ಟಿದ್ದ ಮಾತಿನೊಂದಿಗೆ ಇದು ಹೇಗೆ ಹೊಂದುತ್ತದೆಂದು ಎಷ್ಟೋ ಸಲ ಯೋಚಿಸಿದ್ದೇನೆ. ಆ ದಿನ ಅವರು ಒಬ್ಬರೇ ಇರುವುದು ಸೇಫಲ್ಲವೆಂದು ನನಗೆ ಅನಿಸಿರಲಿಲ್ಲ. ಆದ್ದರಿಂದ ಅವಳಿಗೆ ಹೇಳಲು ಏನೂ ಇರಲಿಲ್ಲ. ಹೀಗೊಂದು ವಾದ ಹೂಡಿ ಸಮಾಧಾನ ಮಾಡಿಕೊಂಡೆ.

ಒಂದು ವರ್ಷವಾದ ಮೇಲೆ ಮೇಷ್ಟ್ರು ಮತ್ತೆ ಬಿಯರ್ ಮಾಡೋಣವೆಂದರು. ಆ ಹೊತ್ತಿಗೆ ಅವರ ಮರೆವು ನಿಜವಾಗಿಯೂ ಬೆಳೆದಿತ್ತು. ನನ್ನ ಊರನ್ನು ಕೇಳಿ ತಿಳಿದುಕೊಂಡು, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಕೇಳುತ್ತಿದ್ದರು. ಆದರೆ ಪೀಪಾಯಿಯ ಮುಂದೆ ನಿಂತಾಗ ಅವರ ಬೆರಳು ನೇರವಾಗಿ ಎರಡನೆಯ ಗೀಟಿಗೆ ಹೋಯಿತು. ಈ ಸಲ ಕಂಠದ ಕೆಳಗೆ ಜಾಗ ಬಿಟ್ಟು ತುಂಬಿದೆವು. ಒತ್ತಡ ಗೀಟು ಮುಟ್ಟಿ ಸುಸ್ ಎನ್ನತೊಡಗಿದ ದಿನ, ಮೇಷ್ಟ್ರೂ ನಾನೂ ಪೀಪಾಯಿಯ ಪಕ್ಕದಲ್ಲಿದ್ದಾಗ, ಮಗಳು ಉಗ್ರಾಣದ ಬಾಗಿಲಲ್ಲಿ ಕಾಣಿಸಿಕೊಂಡಳು. ಆ ಸದ್ದನ್ನು ಕೇಳಿ ಅಲ್ಲೇ ನಿಂತಳು.

‘ಅಂಕಲ್, ಇದು ಅದೇ ಸೌಂಡ್.’

‘ಹೌದಮ್ಮ. ವಾಲ್ವ್ ಹೆಚ್ಚಿನ ಅನಿಲವನ್ನ ಬಿಡ್ತಾ ಇದೆ. ಸರಿಯಾಗಿದೆ ಅಂತ ಅರ್ಥ.’

‘ಓಪನ್ ಇದ್ರೆ ಮಾತ್ರ ಸೌಂಡ್ ಬರತ್ತಾ?’

ಬಾಯ್ಲರಿನವನಾದ ನನಗೆ ಇದಕ್ಕೆ ಸುಳ್ಳು ಉತ್ತರ ಕೊಡಲಾಗಲಿಲ್ಲ. ನಿಜ ಹೇಳಲು ಕೊಟ್ಟ ಮಾತು ಅಡ್ಡ ಬಂತು. ಪೀಪಾಯಿಯ ಪಕ್ಕದಿಂದ ಸರಿದು ಅವಳಿಗೆ ದಾರಿ ಬಿಟ್ಟೆ. ಅವಳು ಹತ್ತಿರ ಬಂದಳು. ಮುಚ್ಚಳವನ್ನು ನೋಡಿದಳು. ಉಂಗುರವನ್ನು ಎರಡು ಬೆರಳಿನಲ್ಲಿ ಹಿಡಿದು ಕಂಡೂ ಕಾಣದಷ್ಟು ಎತ್ತಿದಳು. ಪುಸ್ ಎಂದು ಒಂದು ತುಣುಕು ನೊರೆ ಅವಳ ಮಣಿಕಟ್ಟಿಗೆ ಹಾರಿತು. ಕೈ ಬಿಟ್ಟಳು. ಬಹಳ ಹೊತ್ತು ಆ ನೊರೆಯನ್ನೇ ನೋಡಿದಳು.

‘ನಾನು ಇದನ್ನ ಎಳೆದೆ’ ಎಂದಳು. ‘ಪಪ್ಪಾ ಮರೆತಿರ್ಲಿಲ್ಲ.’

ತಂದೆಯ ಕಡೆ ತಿರುಗಿ ಮೊಟ್ಟಮೊದಲ ಬಾರಿ, ನನ್ನ ಎದುರಿಗೆ, ಅವರೊಡನೆ ಕನ್ನಡದಲ್ಲಿ ಮಾತಾಡಿದಳು. ‘ಯಾಕೆ ಹೇಳ್ಲಿಲ್ಲ ಪಪ್ಪಾ? ನಿಮ್ಮ ಮನೆ ಹೋಯ್ತಲ್ಲ.’

ಮೇಷ್ಟ್ರು ಅವಳನ್ನು ನೋಡಿ ನಕ್ಕರು. ‘ಯಾವ ಮನೆ?’ ಎಂದರು.

ಅದು ಮರೆವೋ ಉತ್ತರವೋ ನನಗೆ ತಿಳಿಯಲಿಲ್ಲ. ಇಂದಿಗೂ ತಿಳಿದಿಲ್ಲ. ಅವಳು ಅವರ ಭುಜಕ್ಕೆ ಹಣೆ ಇಟ್ಟು ನಿಂತಳು. ಅವರು ಪೀಪಾಯಿಯ ಮೇಲಿದ್ದ ಬಟ್ಟೆಯ ಚೂರು ತೆಗೆದು ಅವಳ ಮಣಿಕಟ್ಟು ಒರೆಸಿದರು.

ನನ್ನನ್ನು ಗೇಟಿನವರೆಗೆ ಬಿಡಲು ಬಂದಾಗ ಅವಳೇ ಹೇಳಿದಳು: ‘ಎಲ್ಲರೂ ಏನೇನೋ ಹೇಳ್ತಾರಲ್ಲ ಅಂಕಲ್. ನೀವು ಬರೀರಿ. ನನ್ನ ಕೈ ಅಂತಲೇ ಬರೀರಿ.’

ಆದ್ದರಿಂದ ಬರೆದಿದ್ದೇನೆ. ಮೇಷ್ಟ್ರ ಬೇರೆ ದಿನಗಳ ಬಗ್ಗೆ ನಾನು ವಾದಿಸುವುದಿಲ್ಲ. ಈಗ ಅವರು ಬಹುಪಾಲು ಮರೆತಿದ್ದಾರೆ, ನನ್ನನ್ನೂ ಕೆಲವೊಮ್ಮೆ. ಆ ಒಂದು ಭಾನುವಾರ ಅವರು ಏನನ್ನೂ ಮರೆತಿರಲಿಲ್ಲ, ಏನೂ ಸಿಡಿದಿರಲಿಲ್ಲ. ನನ್ನ ಮಾತನ್ನು ನಂಬಬೇಕಾಗಿಲ್ಲ. ಪೀಪಾಯಿ ರುಂಡಾದ ಆ ಮನೆಯ ಉಗ್ರಾಣದಲ್ಲಿದೆ. ಅದೇ ಒಡಲು, ಅದೇ ಮುಚ್ಚಳ. ಎಲ್ಲಿಯೂ ಬಿರುಕಿಲ್ಲ, ಬೆಸುಗೆಯಿಲ್ಲ. ವಾಲ್ವಿನ ಮೇಲೆ ಎರಡು ಕೆಂಪು ಗೀಟುಗಳಿವೆ. ತಿರುಪಣಿ ಎರಡನೆಯದರ ಮೇಲೆ ನಿಂತಿದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ಅಂತರವನ್ನು ಗಣಿತ ಬಲ್ಲವರು ಅಳೆದುಕೊಳ್ಳಬಹುದು. ಗೇಟಿನಲ್ಲಿ ‘ಮ್ವಾಲಿಮು’ ಎಂದರೆ ಸಾಕು, ಸ್ವಾಹಿಲಿಯಲ್ಲಿ ಮೇಷ್ಟ್ರು ಎಂದು. ಕಾವಲಿನವರು ಒಳಗೆ ಬಿಡುತ್ತಾರೆ. ಮಗಳು ಮನೆಯಲ್ಲಿದ್ದರೆ ಅವಳನ್ನೇ ಕೇಳಬಹುದು. ಈಗ ವಾಲ್ವನ್ನು ಗೀಟಿಗೆ ನಿಲ್ಲಿಸುವವಳು ಅವಳೇ.